ಮನ್ಯಾಗಿನ ಮಾತು

ಜಮಖಂಡಿಯ ಕಾಲೇಜಿನಲ್ಲಿ ನಮಗೆ ರಾಜ್ಯಶಾಸ್ತ್ರ ಕಲಿಸುತ್ತಿದ್ದ ಸರ್ ಬನಹಟ್ಟಿಯಲ್ಲಿ ನಮ್ಮ ಓಣಿಯಲ್ಲೇ ಇದ್ದರು. ಜಿನೀವಾದ ಮಾನವ ಹಕ್ಕುಗಳ ಮಂಡಳಿಯ ಪಾಠ ಬಂದರೆ ಕನ್ನಡಕವನ್ನು ಹಣೆಗೇರಿಸಿಕೊಳ್ಳುತ್ತಿದ್ದರು. "ಸಣ್ಣ ದೇಶಕ್ಕ, ತನಿಖೆಗೆ ಬಂದೇವಿ, ಬಾಗಲಾ ತಗಿ ಅಂತಾರ. ಅದ ದೇಶ ಬೆಳೀತಂದ್ರ, ಇದು ನಮ್ಮ ಮನ್ಯಾಗಿನ ಮಾತು ಅಂತೈತಿ. ಇನ್ನೂ ಬೆಳೀತಂದ್ರ ಮಂಡಳ್ಯಾಗ ಕುರ್ಚಿ ಹಿಡಿತೈತಿ." ನಾವು ಬರೆದುಕೊಳ್ಳುತ್ತಿದ್ದೆವು. ಪರೀಕ್ಷೆಯಲ್ಲಿ ಅದು ಬರುತ್ತಿರಲಿಲ್ಲ.

ಓಣಿಯಲ್ಲಿ ದಿನವಿಡೀ ಮಗ್ಗಗಳ ಸದ್ದು. ಒಮ್ಮೆ ಕರೆಂಟು ಹೋಗಿ ಅವೆಲ್ಲ ನಿಂತಾಗ ಎದುರುಮನೆಯ ಹೆಂಗಸಿನ ಅಳು ಎಲ್ಲರಿಗೂ ಕೇಳಿಸಿತು. ಗಂಡ ಹೊಡೆಯುತ್ತಿದ್ದ. ನಾವು ಕರೆಂಟು ಬರಲೆಂದು ಕಾದೆವು. ಸರ್ ಹೋಗಿ ಬಾಗಿಲು ಬಡಿದರು.

"ಇದು ನಮ್ಮ ಮನ್ಯಾಗಿನ ಮಾತರಿ ಸರ್," ಎಂದ ಆತ ಒಳಗಿನಿಂದ.

"ಹಂಗನ್ನಾಕ ದೊಡ್ಡ ದೇಶ ಆಗಬೇಕಪಾ. ನಿನ್ನವು ಎರಡ ಮಗ್ಗ ಅದಾವ. ಬಾಗಲಾ ತಗಿ."

ಆತ ತೆಗೆದ.

ಮುಂದೆ ಆತನ ಮಗ್ಗಗಳು ಹೆಚ್ಚಿದವು, ಮನೆಯ ಮೇಲೆ ಮಹಡಿ ಎದ್ದಿತು. ಗಂಡ-ಹೆಂಡಿರ ಜಗಳ ಬಗೆಹರಿಸುವ ಓಣಿಯ ಪಂಚರಿಗೆ ಆತನೇ ಹಿರಿಯನಾದ. ನಾವೇ ಶಾಲು ಹೊದಿಸಿದೆವು.

ಆ ವಾರವೇ ಮತ್ತೆ ಕರೆಂಟು ಹೋಯಿತು, ಮತ್ತೆ ಅಳು ಕೇಳಿಸಿತು. ಸರ್ ಕನ್ನಡಕವನ್ನು ಹಣೆಗೇರಿಸಿ ಓಣಿ ದಾಟಿ ಹೋಗಿ ಬಾಗಿಲು ಬಡಿದರು.

"ಸರ್, ಈಗ ಪಂಚರಾಗ ನಾನ ಹಿರ್ಯಾ ಅದೀನ್ರಿ. ಏನರ ತಕರಾರ ಇದ್ರ ನನ್ನ ಮುಂದ ಹೇಳ್ರಿ."

"ಹೌದ್ರಿ ಹಿರಿಯರ, ಹೇಳಾಕನ ಬಂದೇನಿ," ಎಂದರು ಸರ್. ಆತನಿಗೆ ಅವರು 'ರೀ' ಹಚ್ಚಿ ಮಾತಾಡಿದ್ದು ಅದೇ ಮೊದಲು. "ಬಾಗಲಾ ತಗೀರಿ."