ಬಿದ್ದ ಜಾಗ ಇದರ ಒಳಗೆ ಉಂಟು

ಆ ಭಾನುವಾರ ನನ್ನ ಗಂಡ ಹನ್ನೆರಡು ಗಂಟೆಯ ಹೊತ್ತಿಗೆ ಬರಿಗೈಯಲ್ಲಿ ಮನೆಗೆ ಬಂದರು. ಪೂರ್ತಿ ಬರಿಗೈ ಎನ್ನುವಂತಿಲ್ಲ, ಕುತ್ತಿಗೆಯಿಂದ ರಿಮೋಟ್ ನೇತಾಡುತ್ತಿತ್ತು. ವಿಮಾನ ಇರಲಿಲ್ಲ.

ನರಿಮೊಗರಿನ ಕಡೆ ಕೊಯ್ಲು ಮುಗಿದ ಒಂದು ಗದ್ದೆಯಲ್ಲಿ ಅವರು ವಿಮಾನ ಹಾರಿಸುತ್ತಿದ್ದರು. ಜೊತೆಗೆ ಆಲಂಕಾರಿನ ಒಬ್ಬರು ನಿವೃತ್ತ ಮಾಸ್ತರರು ಬರುತ್ತಿದ್ದರು. ಫೋಮ್ ಹಾಳೆ ಕತ್ತರಿಸಿ, ಮೋಟಾರು ಕೂರಿಸಿ, ರಿಮೋಟಿನ ವಿಮಾನವನ್ನು ನನ್ನ ಗಂಡ ತಾವೇ ಮಾಡುತ್ತಿದ್ದರು. ಗಲ್ಫಿನಲ್ಲಿ ಹದಿನೆಂಟು ವರ್ಷ ಎ.ಸಿ. ರಿಪೇರಿ ಮಾಡಿ ಪುತ್ತೂರಿಗೆ ಬಂದವರಿಗೆ ಇದ್ದ ಚಟ ಇದೊಂದೇ. ಆ ದಿನ ಮಾಸ್ತರರು ಯಾವುದೋ ಮದುವೆಗೆ ಹೋಗಿದ್ದರು. ಇವರೊಬ್ಬರೇ ಹಾರಿಸಿದರು. ಗುಡ್ಡದ ಆಚೆ ಹೋದಾಗ ಸಿಗ್ನಲ್ ಕಡಿದು ವಿಮಾನ ಎಲ್ಲೋ ಬಿತ್ತು. ಎರಡು ಗಂಟೆ ಹುಡುಕಿ, ಕಾಲಿಗೆಲ್ಲ ಮುಳ್ಳು ಗೀರಿಸಿಕೊಂಡು ಬಂದಿದ್ದರು.

ಆ ವಿಮಾನದ ಬಲ ರೆಕ್ಕೆ ನನ್ನ ಕೆಲಸ. ಫೋಮ್ ಗಟ್ಟಿಯಾಗಲು ಅದರ ಮೇಲೆ ಲ್ಯಾಮಿನೇಶನ್ ಹಾಳೆ ಇಟ್ಟು ಇಸ್ತ್ರಿ ಹಾಕಬೇಕು. ಎಡ ರೆಕ್ಕೆಗೆ ಅವರು ಹಾಕಿದರು. ಬಲದ್ದಕ್ಕೆ ಹಾಕುವಾಗ ಯಾರದೋ ಫೋನ್ ಬಂತೆಂದು ಇಸ್ತ್ರಿಪೆಟ್ಟಿಗೆಯನ್ನು ನನ್ನ ಕೈಗೆ ಕೊಟ್ಟು ಹೋದರು. ತುದಿಯಲ್ಲಿ ಒಂದು ಸುಕ್ಕು ಬಂತು. ಆ ಸುಕ್ಕಿನಿಂದ ವಿಮಾನ ಬಲಕ್ಕೆ ವಾಲುತ್ತದೆ ಎಂದು, ವಾಲುವುದನ್ನು ಸರಿದೂಗಿಸುವ ರಿಮೋಟಿನ ಟ್ರಿಮ್ಮನ್ನು ಎರಡು ಗೆರೆ ಎಡಕ್ಕೆ ಸರಿಸಿಟ್ಟಿದ್ದರು. ಹಾಳೆ ಕಿತ್ತು ಬೇರೆ ಹಾಕಿ ಎಂದರೆ, "ಬೇಡ, ಅದು ಹಾಗೇ ಇರ್ಲಿ" ಎಂದರು. ನನ್ನ ಇಸ್ತ್ರಿಪೆಟ್ಟಿಗೆಗೆ ಅಂಟಿದ ಪ್ಲಾಸ್ಟಿಕ್ ಮಾತ್ರ ಹೋಗಲಿಲ್ಲ.

ಬಂದವರು ಕೈಕಾಲು ತೊಳೆದು ಸೀದಾ ಲ್ಯಾಪ್‌ಟಾಪಿನ ಮುಂದೆ ಕೂತರು.

"ವಿಮಾನ ಹುಡುಕುದು ಬಿಟ್ಟು ಇದೆಂತ?" ಎಂದೆ.

"ಬಿದ್ದ ಜಾಗ ಇದರ ಒಳಗೆ ಉಂಟು," ಎಂದು ರಿಮೋಟ್ ತಟ್ಟಿದರು. "ವಿಮಾನದ ಜಿಪಿಎಸ್ ಕಳಿಸಿದ್ದು ಇದರಲ್ಲಿ ಬರೆದಿರ್ತದೆ, ಆಮೇಲೆ ತೆಗೆದು ನೋಡುದು. ಓಡಿ ಹೋಗುದಿಲ್ಲ. ಮೊದಲು ಇದರ ಫರ್ಮ್‌ವೇರ್ ಬದಲಿಸ್ತೇನೆ. ಹಳೇದಿದ್ದ ಕಾರಣವೇ ಸಿಗ್ನಲ್ ಹೋದದ್ದು."

ಫರ್ಮ್‌ವೇರ್ ಎಂದರೆ ರಿಮೋಟಿನ ಒಳಗಿದ್ದು ಅದನ್ನು ನಡೆಸುವ ಪ್ರೋಗ್ರಾಂ. ಕಂಪೆನಿಯದ್ದನ್ನು ತೆಗೆದು, ಹವ್ಯಾಸದವರೇ ಸೇರಿ ಬರೆದದ್ದನ್ನು ಹಾಕುತ್ತಾರೆ. ಅವರು ಕೇಬಲ್ ಸಿಕ್ಕಿಸಿ, ಕಂಪ್ಯೂಟರಿನಿಂದ ನೇರವಾಗಿ ಹಾಕಲು ಶುರು ಮಾಡಿದರು. ಸ್ಕ್ರೀನಿನಲ್ಲಿ ಒಂದು ಪಟ್ಟಿ ನಿಧಾನಕ್ಕೆ ತುಂಬುತ್ತಿತ್ತು. ಮಧ್ಯಾಹ್ನ ಒಂದೂವರೆಯಾಯಿತು. ಮೀನಿನ ಸಾರಿಗೆ ಮಸಾಲೆ ಅರೆದಾಗಿರಲಿಲ್ಲ. ನಮ್ಮ ಅಡುಗೆಮನೆಯ ಪ್ಲಗ್ ಸುಟ್ಟು ತಿಂಗಳಾಗಿತ್ತು, ಊರಿನವರ ಎ.ಸಿ. ಸರಿ ಮಾಡುವವರಿಗೆ ಅದಕ್ಕೆ ಪುರುಸೊತ್ತಿರಲಿಲ್ಲ. ಮಿಕ್ಸಿ ತಂದು ಊಟದ ಮೇಜಿನ ಪಕ್ಕದ ಪ್ಲಗ್ಗಿಗೆ ಹಾಕುತ್ತಿದ್ದೆ. ಅಲ್ಲಿ ಲ್ಯಾಪ್‌ಟಾಪಿನ ವಯರ್ ಇತ್ತು. ಕಿತ್ತೆ. ಅದರ ಬ್ಯಾಟರಿ ಸತ್ತು ವರ್ಷವಾಗಿತ್ತು.

"ಎಂತ ಮಾರಾಯ್ತಿ! ಅರ್ಧ ಆಗಿತ್ತು!"

"ಆ ವಿಮಾನ ಹೋದದ್ದೇ ಒಳ್ಳೇದಾಯ್ತು," ಎಂದೆ. "ಇನ್ನಾದ್ರೂ ಹೊತ್ತಿಗೆ ಸರಿಯಾಗಿ ಊಟ ಮಾಡ್ಬಹುದು."

ಅವರು ನಕ್ಕರು. "ನಾಳೆ ತರ್ತೇನೆ ನೋಡು," ಎಂದರು. ರಿಮೋಟ್ ಒತ್ತಿ ನೋಡಿದರು, ಹೊತ್ತಲಿಲ್ಲ. ಎತ್ತಿ ಕಪಾಟಿನ ಮೇಲಿಟ್ಟು ಊಟಕ್ಕೆ ಕೂತರು.

ಮರುದಿನ ಬೆಳಗ್ಗಿನ ನಮಾಝಿಗೆ ಎದ್ದವರು ಬಾಗಿಲ ಬಳಿ ಕುಸಿದರು. ಆಸ್ಪತ್ರೆಗೆ ಮುಟ್ಟುವಷ್ಟರಲ್ಲಿ ಮುಗಿದಿತ್ತು.

ಗಂಡ ತೀರಿಕೊಂಡರೆ ನಮ್ಮಲ್ಲಿ ಹೆಂಡತಿ ನಾಲ್ಕು ತಿಂಗಳು ಹತ್ತು ದಿನ ಇದ್ದತ್ ಇರಬೇಕು. ಮನೆಯಿಂದ ಹೊರಗೆ ಹೋಗುವಂತಿಲ್ಲ, ಪರಗಂಡಸರ ಎದುರು ಬರುವಂತಿಲ್ಲ. ಮೈದುನನೂ ಆ ಲೆಕ್ಕಕ್ಕೇ ಸೇರುತ್ತಾನೆ. ಇದರ ಬಗ್ಗೆ ನನಗೆ ದೂರು ಇರಲಿಲ್ಲ. ಹೊರಗೆ ಹೋಗಲು ನನಗೂ ಮನಸ್ಸಿರಲಿಲ್ಲ. ಒಂದೇ ಒಂದು ಕಡೆ ಹೋಗಬೇಕಿತ್ತು, ಅದು ಎಲ್ಲಿ ಎಂದು ಗೊತ್ತಿರಲಿಲ್ಲ. ವಿಮಾನ ಹೋದದ್ದೇ ಒಳ್ಳೆಯದಾಯಿತು ಎಂದು ಅಂದದ್ದು ನಾನು. ಅದನ್ನು ಹುಡುಕಿ ಮನೆಗೆ ತರಿಸಬೇಕಿತ್ತು, ಅದೂ ಮಳೆಗಾಲಕ್ಕೆ ಮುಂಚೆ. ಮಳೆ ಶುರುವಾದರೆ ಗುಡ್ಡದ ನೀರು ಫೋಮಿನ ಚೂರನ್ನು ಎಲ್ಲಿಗೆ ಒಯ್ಯುತ್ತದೆಯೋ ಹೇಳಲಾಗದು.

ನಲವತ್ತನೆಯ ದಿನ ಕಳೆದ ಮೇಲೆ ಅತ್ತೆಯಲ್ಲಿ ವಿಷಯ ಹೇಳಿದೆ. ಅವರು ಸುಳ್ಯದಲ್ಲಿ ಮೊಬೈಲ್ ಅಂಗಡಿ ಇಟ್ಟಿರುವ ಮೈದುನನನ್ನು ಕರೆಸಿದರು. ಅವನು ಜಗಲಿಯಿಂದಲೇ ಕೂಗಿ ಹೇಳಿದ: "ಅತ್ತಿಗೆ, ಇದು ಎರಡು ನಿಮಿಷದ ಕೆಲಸ. ಎಂಥೆಂಥಾ ಫೋನಿಗೆ ಪ್ರೋಗ್ರಾಂ ಫ್ಲ್ಯಾಶ್ ಹೊಡೆದಿದ್ದೇನೆ ನಾನು." ಎರಡು ನಿಮಿಷದ ಕೆಲಸಕ್ಕೆ ರಿಮೋಟನ್ನು ಸುಳ್ಯಕ್ಕೆ ಒಯ್ದು ಹನ್ನೊಂದು ದಿನ ಇಟ್ಟುಕೊಂಡ. ವಾಪಸ್ ತಂದಾಗ, "ಇದು ಸತ್ತು ಹೋಗಿದೆ, ಹೊಸದು ತೆಗೆಯುದೇ ಒಳ್ಳೇದು" ಎಂದ. ಹೊಸದರಲ್ಲಿ ಹಳೆಯ ಜಾಗ ಎಲ್ಲಿಂದ ಬರಬೇಕು? ಇನ್ನು ಈ ರಿಮೋಟ್ ಮನೆ ಬಿಟ್ಟು ಹೋಗುವುದು ಬೇಡ ಎಂದು ಅತ್ತೆಯ ಮೂಲಕ ಹೇಳಿಸಿದೆ.

ಆಮೇಲೆ ಆಲಂಕಾರಿನ ಮಾಸ್ತರರು ಬಂದರು. ಫೋನಿನಲ್ಲಿ ವಿವರಿಸಿ ಸುಸ್ತಾಗಿ ಬಂದದ್ದು. ಅವರು ಜಗಲಿಯ ಕುರ್ಚಿಯಲ್ಲಿ, ನಾನು ಒಳಗೆ ಪರದೆಯ ಹಿಂದೆ ರಿಮೋಟ್ ಹಿಡಿದು, ಅತ್ತೆ ನಡುವೆ ಹೊಸ್ತಿಲ ಬಳಿ. ಮಾಸ್ತರರು ಮೂವತ್ತು ವರ್ಷ ತರಗತಿಯಲ್ಲಿ ಮಾತಾಡಿದವರು. ಅವರ ದನಿ ಗೇಟಿನ ತನಕ ಕೇಳುತ್ತದೆ. ನಾನು ಕನ್ನಡ ಮಾಧ್ಯಮದಲ್ಲಿ ಪಿಯುಸಿ ಓದಿದವಳು. ಆದರೂ ಅವರು ಹೇಳಿದ್ದನ್ನೆಲ್ಲ ಅತ್ತೆ ನಮ್ಮ ಮನೆಮಾತಾದ ಬ್ಯಾರಿ ಭಾಷೆಗೆ ತಿರುಗಿಸಿ, ತಮಗೆ ಹೆಚ್ಚೆನಿಸಿದ್ದನ್ನು ಬಿಟ್ಟು ನನಗೆ ಹೇಳಬೇಕು.

"ಸ್ಕ್ರೀನಿನ ಕೆಳಗೆ ಎಡಕ್ಕೊಂದು ಬಲಕ್ಕೊಂದು ಟ್ರಿಮ್ ಬಟನ್ ಉಂಟು. ಎರಡನ್ನೂ ಒಳಮುಖವಾಗಿ ಒತ್ತಿ ಹಿಡಿದು, ಹಾಗೇ ಪವರ್ ಒತ್ತಲಿಕ್ಕೆ ಹೇಳಿ," ಎಂದರು ಮಾಸ್ತರರು.

"ಎರಡು ಬಟನ್ ಒತ್ತಬೇಕಂತೆ," ಎಂದರು ಅತ್ತೆ.

"ಒಳಮುಖ ಅಂತಲೂ ಹೇಳಿದ್ರು ಉಮ್ಮ."

"ನಿನಗೇ ಕೇಳಿದ್ರೆ ನನ್ನ ಹತ್ರ ಯಾಕೆ ಹೇಳಿಸುದು?"

ಒತ್ತಿದೆ. ಮೂರು ತಿಂಗಳ ನಂತರ ಮೊದಲ ಬಾರಿಗೆ ಸ್ಕ್ರೀನ್ ಬೆಳಗಿತು. ಫೋಲ್ಡರ್ ಇಲ್ಲ ಎಂಬರ್ಥದ ಒಂದು ಸಾಲು ಬಂತು. ಅತ್ತೆಗೆ ಹೇಳಿದೆ.

"ಎಂತದೋ ಬಂತಂತೆ," ಎಂದರು ಅತ್ತೆ.

"ಎಂತದೋ ಅಂದ್ರೆ ಎಂತ?"

"ಇಂಗ್ಲಿಷ್."

ಮಾಸ್ತರರು ಕುರ್ಚಿಯನ್ನು ಹೊಸ್ತಿಲ ಕಡೆಗೆ ಎಳೆದುಕೊಂಡರು. ಆಮೇಲೆ, "ಅದರ ಮೆಮೊರಿ ಕಾರ್ಡು ಉಂಟಲ್ಲ?" ಎಂದು ಕೇಳಿದರು. ನಾನು ಬಾಯಿ ತೆರೆಯುವ ಮೊದಲೇ ಅತ್ತೆ, "ಉಂಟು, ಉಂಟು. ಜೋಪಾನ ಉಂಟು" ಎಂದರು. ಆ ಉತ್ತರ ನಮ್ಮಿಬ್ಬರಿಗೂ ಸಾಕಾಯಿತು.

"ಹಾಗಾದ್ರೆ ಸುಲಭ. ಕಂಪ್ಯೂಟರಿಗೆ ಕೇಬಲ್ ಹಾಕಿ. ರಿಮೋಟ್ ಒಂದು ಡ್ರೈವ್ ಆಗಿ ಕಾಣ್ತದೆ. ಅವರು ಇಳಿಸಿಟ್ಟ ಫೈಲ್ ಅಲ್ಲೇ ಉಂಟಲ್ಲ, ಅದನ್ನು ಅದರೊಳಗೆ ಹಾಕುದು, ಅಷ್ಟೆ."

ಕಾಣಲಿಲ್ಲ. ತೆಗೆದು ಹಾಕಿದೆ, ಲ್ಯಾಪ್‌ಟಾಪ್ ಮುಚ್ಚಿ ತೆರೆದೆ, ಕಾಣಲಿಲ್ಲ. ಇದು ಬರೀ ಚಾರ್ಜಿನ ಕೇಬಲ್ ಇರಬೇಕು, ಫೈಲ್ ಹೋಗುವ ಕೇಬಲ್ ಬೇರೆ ಎಂದು ಮಾಸ್ತರರು ಹೇಳಿ ಹೊರಟರು.

ಅಲ್ಲಿಂದ ಮೂರು ವಾರ ನಮ್ಮ ಮನೆಗೆ ಕೇಬಲ್‌ಗಳು ಬಂದವು. ಮೈದುನ ಮೂರು ಕಳಿಸಿದ. ಪಕ್ಕದ ಮನೆಯವರು ಅಳಿಯ ದುಬೈಯಿಂದ ತಂದದ್ದನ್ನು ಕೊಟ್ಟರು. ನನ್ನನ್ನು ನೋಡಲು ಬಂದ ಹೆಂಗಸರೂ ಬ್ಯಾಗಿನಿಂದ ತಮ್ಮ ಚಾರ್ಜರ್ ತೆಗೆದು "ಇದನ್ನೊಮ್ಮೆ ಹಾಕಿ ನೋಡು" ಎನ್ನತೊಡಗಿದರು. ಅಡುಗೆಮನೆಯಲ್ಲಿ ಒಬ್ಬರು ಇನ್ನೊಬ್ಬರಲ್ಲಿ ಹೇಳಿದ್ದು ಕೇಳಿಸಿತು: "ಗಂಡ ಹೋದದ್ದಕ್ಕಿಂತ ವಯರು ಸಿಗದ ಬೇಸರವೇ ಜಾಸ್ತಿ ಕಾಣ್ತದೆ ಇವಳಿಗೆ." ನನಗೆ ಸಿಟ್ಟು ಬರಲಿಲ್ಲ. ಅಷ್ಟು ಹೊತ್ತಿಗೆ ನನ್ನ ಸಿಟ್ಟೆಲ್ಲ ಆ ರಿಮೋಟಿನ ಮೇಲೆ ಖರ್ಚಾಗಿತ್ತು. ಎರಡು ಬಟನ್ ಒಳಮುಖ, ಪವರ್, ಕೇಬಲ್, ಏನೂ ಇಲ್ಲ. ಇನ್ನೊಂದು ಕೇಬಲ್, ಮತ್ತೆ ಅದೇ. ಗೋಡೆಗೆ ಎಸೆಯಬೇಕು ಅನ್ನಿಸಿದ್ದು ಒಂದು ಸಲವಲ್ಲ. ಸತ್ತವರ ಮೇಲೂ ಸಿಟ್ಟು ಬಂತು. ಎರಡು ಸಾಲು ಎಲ್ಲಾದರೂ ಬರೆದಿಡಬಾರದಿತ್ತೇ? ಕಡೇಪಕ್ಷ ಅಡುಗೆಮನೆಯ ಪ್ಲಗ್ ಸರಿ ಮಾಡಬಾರದಿತ್ತೇ?

ಮೇ ಕೊನೆಗೆ ಮೋಡ ಕಟ್ಟತೊಡಗಿತು. ಒಂದು ಮಧ್ಯಾಹ್ನ ರಿಮೋಟಿನ ಧೂಳು ಒರೆಸುವಾಗ ಅಡಿಭಾಗದಲ್ಲಿ ಒಂದು ರಬ್ಬರಿನ ಮುಚ್ಚಳ ಉಗುರಿಗೆ ಸಿಕ್ಕಿತು. ಎತ್ತಿದೆ. ಒಳಗೆ ಸಪೂರ ಸೀಳು, ನನ್ನ ಫೋನಿನಲ್ಲಿ ಕಾರ್ಡು ಕೂರುವಂಥದ್ದೇ. ಖಾಲಿ ಇತ್ತು.

"ಉಮ್ಮ, ಇದರ ಕಾರ್ಡು ಎಲ್ಲಿ?"

"ನನ್ನ ಹತ್ರ ಉಂಟು."

"ನಿಮ್ಮ ಹತ್ರ ಎಂತಕ್ಕೆ?"

"ಅವ ಸುಳ್ಯದಿಂದ ತಂದ ದಿನ ಕೊಟ್ಟ. ಅಣ್ಣನ ಕಾರ್ಡು, ಜೋಪಾನ ಇಡಿ ಅಂದ. ಇಟ್ಟಿದ್ದೇನೆ."

ಮೊಬೈಲ್ ಅಂಗಡಿಯ ಅಭ್ಯಾಸ ಅದು. ರಿಪೇರಿಗೆ ಬಂದ ಫೋನಿನ ಸಿಮ್ಮು, ಕಾರ್ಡು ಮೊದಲು ತೆಗೆದು ಸಣ್ಣ ಕವರಿನಲ್ಲಿ ಹಾಕಿ ಮನೆಯವರ ಕೈಗೆ ಕೊಡುವುದು, ಆಮೇಲೆ ಕಳೆಯಿತು ಎಂಬ ಮಾತು ಬರಬಾರದು ಎಂದು. ಕಾರ್ಡಿಲ್ಲದ ರಿಮೋಟ್ ಯಾವ ಕೇಬಲ್ ಹಾಕಿದರೂ ಕಂಪ್ಯೂಟರಿನಲ್ಲಿ ಕಾಣುವುದಿಲ್ಲ. ನಾವು ಮೂರು ವಾರ ಕೇಬಲನ್ನು ಬೈದದ್ದು ಸುಮ್ಮನೆ.

"ಮಾಸ್ಟ್ರು ಕೇಳಿದಾಗ ಹೇಳ್ಬಹುದಿತ್ತಲ್ಲ ಉಮ್ಮ?"

"ಹೇಳಿದೆನಲ್ಲ, ಜೋಪಾನ ಉಂಟು ಅಂತ. ಎಲ್ಲಿ ಉಂಟು ಅಂತ ಯಾರು ಕೇಳಿದ್ರು?"

ನನ್ನ ಬಾಯಿಗೆ ಏನೇನೋ ಬಂತು. ಅಷ್ಟರಲ್ಲಿ ಅವರು ಬಿಸ್ಕೆಟಿನ ಡಬ್ಬ ತಂದು ಮುಚ್ಚಳ ತೆಗೆದರು. ಅದರಲ್ಲಿ ನನ್ನ ಗಂಡನ ಪಾಸ್‌ಪೋರ್ಟ್, ಕನ್ನಡಕ, ಆಸ್ಪತ್ರೆಯವರು ಬಿಚ್ಚಿ ಕೊಟ್ಟ ವಾಚು ಇದ್ದವು. ಕಾರ್ಡಿನ ಕವರನ್ನು ಅತ್ತೆ ಮಗನದೇ ಕರ್ಚೀಫಿನ ಮೂಲೆಯಲ್ಲಿ ಗಂಟು ಹಾಕಿಟ್ಟಿದ್ದರು. ಗಂಟು ಬಿಚ್ಚಲು ಅವರ ಬೆರಳಿಗೆ ಆಗಲಿಲ್ಲ. ನಾನೇ ಬಿಚ್ಚಿದೆ. ನನ್ನ ಸಿಟ್ಟು ಇಳಿದಿರಲಿಲ್ಲ, ಆದರೆ ಅದನ್ನು ಆಡಿ ತೋರಿಸಲು ಆಗಲಿಲ್ಲ.

ಮರುದಿನವೇ ಮಾಸ್ತರರು ಬಂದರು. ಆ ದಿನ ಮಸಾಲೆಯನ್ನು ಬೆಳಗ್ಗೆಯೇ ಅರೆದಿಟ್ಟಿದ್ದೆ. ಅತ್ತೆ ಈ ಸಲ ಹೊಸ್ತಿಲ ಬಳಿ ಕೂರಲಿಲ್ಲ. ಊಟದ ಮೇಜಿನ ಪಕ್ಕ, ಲ್ಯಾಪ್‌ಟಾಪಿನ ವಯರ್ ಸಿಕ್ಕಿಸಿದ್ದ ಪ್ಲಗ್ಗಿನ ಎದುರು ಸ್ಟೂಲ್ ಹಾಕಿ, ಗೋಡೆಗೆ ಒರಗಿ ಕೂತರು. ಹಾಗೆ ಮಾಡಿ ಎಂದು ಯಾರೂ ಹೇಳಿರಲಿಲ್ಲ. ನಡುವೆ ಯಾರೂ ಇಲ್ಲದ ಕಾರಣ ಮಾಸ್ತರರು ಜಗಲಿಯಿಂದ, ನಾನು ಪರದೆಯ ಹಿಂದಿನಿಂದ ನೇರವಾಗಿ ಮಾತಾಡಿದೆವು. ಅತ್ತೆ ಅದನ್ನು ತಡೆಯಲಿಲ್ಲ.

ಕಾರ್ಡು ಹಾಕಿ ಮೊದಲಿನದೇ ಕೇಬಲ್ ಸಿಕ್ಕಿಸಿದೆ. ಡ್ರೈವ್ ಕಂಡಿತು. ಫೈಲ್ ಹಾಕಿ, ಕೇಬಲ್ ತೆಗೆದು, ಮಾಸ್ತರರು ಹೇಳಿದ ಬಟನ್ ಒತ್ತಿ ಹಿಡಿದೆ. ಪಟ್ಟಿ ತುಂಬತೊಡಗಿತು. ಅರ್ಧ ದಾಟಿತು. ಪೂರ್ತಿಯಾಯಿತು. ರಿಮೋಟ್ ಒಂದು ಸಣ್ಣ ರಾಗ ನುಡಿಸಿ ಎಚ್ಚರವಾಯಿತು. ಪ್ರತಿ ಭಾನುವಾರ ಬೆಳಗ್ಗೆ ಜಗಲಿಯಿಂದ ಕೇಳುತ್ತಿದ್ದ ರಾಗ. ಅತ್ತೆ ಸ್ಟೂಲಿನಿಂದ ಎದ್ದು ಒಳಗೆ ಹೋದರು.

"ಇನ್ನು ಆ ಕಾರ್ಡಿನಲ್ಲಿ ಲಾಗ್ ಅಂತ ಒಂದು ಫೋಲ್ಡರ್ ಉಂಟಾ ನೋಡಿ," ಎಂದರು ಮಾಸ್ತರರು.

ಮತ್ತೆ ಕೇಬಲ್ ಹಾಕಿ ನೋಡಿದೆ. ಇತ್ತು. ಹಾರಾಟದ ಒಂದೊಂದು ಸೆಕೆಂಡಿಗೆ ಒಂದೊಂದು ಸಾಲು, ಸಾಲಿನಲ್ಲಿ ವಿಮಾನ ಇದ್ದ ಜಾಗದ ಅಂಕಿಗಳು. ಕೊನೆಯ ಸಾಲನ್ನು ಓದಿ ಹೇಳಿದೆ. ಅವರು ಫೋನಿನ ಮ್ಯಾಪಿನಲ್ಲಿ ಹಾಕಿದರು. ಗುಡ್ಡದ ಆಚೆಯ ರಬ್ಬರ್ ತೋಟ. ನನ್ನ ಗಂಡ ಹುಡುಕಿದ್ದು ಅದನ್ನು ದಾಟಿದ ಮೇಲಿನ ಮುಳ್ಳುಪೊದೆಗಳಲ್ಲಿ.

ಆಮೇಲೆ ಮಾಸ್ತರರು ಹಣೆ ಚಚ್ಚಿಕೊಂಡ ಸದ್ದು ಒಳಗೂ ಕೇಳಿತು. "ಎಂತ ಅವಸ್ಥೆ ಮಾರಾಯ್ರೆ! ಇದು ಕಾರ್ಡಿನಲ್ಲೇ ಉಂಟಲ್ಲ. ರಿಮೋಟ್ ಸರಿಯಾಗುದೇ ಬೇಡ ಇತ್ತು. ಕಾರ್ಡನ್ನು ಕಂಪ್ಯೂಟರಿಗೆ ಹಾಕಿ ನೋಡಿದ್ದರೆ ಅಂದೇ ಸಿಕ್ತಿತ್ತು."

ನಾನು ಆ ಅಂಕಿಗಳನ್ನು ಒಂದು ಚೀಟಿಯಲ್ಲಿ ಬರೆದಿಟ್ಟೆ.

ಎರಡು ದಿನದಲ್ಲಿ ಮೈದುನ ಮತ್ತು ಮಾಸ್ತರರು ಹೋಗಿ ಗೋಣಿಯಲ್ಲಿ ತುಂಬಿಕೊಂಡು ಬಂದರು. ಮೂತಿ ಜಜ್ಜಿಹೋಗಿತ್ತು. ಮೋಟಾರು, ಬಾಲ, ನಡುಭಾಗ, ಎಡ ರೆಕ್ಕೆ ಇದ್ದವು. ಬ್ಯಾಟರಿಯ ಗೂಡಿನಲ್ಲಿ ಇರುವೆ ಮೊಟ್ಟೆ ಇಟ್ಟಿತ್ತು. ಬಲ ರೆಕ್ಕೆ ಇರಲಿಲ್ಲ.

"ಅದು ಮೊದಲು ಮರಕ್ಕೆ ತಾಗಿ ಎಲ್ಲೋ ದೂರ ಹಾರಿರಬೇಕು," ಎಂದರು ಮಾಸ್ತರರು.

"ಬೇರೆ ರೆಕ್ಕೆ ಮಾಡಿದ್ರಾಯ್ತು ಅತ್ತಿಗೆ, ಎರಡು ನಿಮಿಷದ ಕೆಲಸ," ಎಂದ ಮೈದುನ. ಅವನ ಎರಡು ನಿಮಿಷ ನನಗೆ ಗೊತ್ತಿತ್ತು.

ಇದ್ದತ್ ಮುಗಿಯುವಾಗ ಜೂನ್ ಅರ್ಧ ಕಳೆದು ಮಳೆ ಹಿಡಿದಿತ್ತು. ತವರಿನಿಂದ ಕರೆಯಲು ಬಂದಿದ್ದರು. ಮೊದಲು ನರಿಮೊಗರಿಗೆ ಹೋಗಬೇಕು ಎಂದೆ. ಅತ್ತೆ ಎರಡು ಕೊಡೆ ತೆಗೆದುಕೊಂಡು ಜೊತೆಗೆ ಬಂದರು. ರಬ್ಬರ್ ಮರಗಳ ಸಾಲಿನಲ್ಲಿ ಕೆಳಗೆ ತರಗೆಲೆ, ಕಾಲಿಗೆ ಜಿಗಣೆ. ಬಿಳಿ ಕಂಡಲ್ಲೆಲ್ಲ ಬಗ್ಗಿ ನೋಡಿದೆವು. ರಬ್ಬರ್ ಹಾಲು ಹಿಡಿಯುವ ತೆಂಗಿನ ಗೆರಟೆ, ಅಂಗಡಿಯ ಪ್ಲಾಸ್ಟಿಕ್ ತೊಟ್ಟೆ, ಯಾರದೋ ಒಂದು ಚಪ್ಪಲಿ. ಆಮೇಲೆ ಇನ್ನೂ ಎರಡು ಸಲ ಹೋದೆ.

ಉಳಿದ ಭಾಗಗಳು ಕಪಾಟಿನ ಮೇಲಿವೆ. ರಿಮೋಟ್ ಹೊಸ ಫರ್ಮ್‌ವೇರಿನಲ್ಲಿ ಸರಿಯಾಗಿ ಹೊತ್ತುತ್ತದೆ. ಹಳೆಯ ಸೆಟ್ಟಿಂಗೆಲ್ಲ ಕಾರ್ಡಿನಲ್ಲಿ ಉಳಿದಿತ್ತು; ಟ್ರಿಮ್ ಈಗಲೂ ಎರಡು ಗೆರೆ ಎಡಕ್ಕಿದೆ. ಬಲ ರೆಕ್ಕೆ ಇನ್ನೂ ಸಿಕ್ಕಿಲ್ಲ.