ಕೋಡಿಂಬಾಳದ ಗೇಮಿಂಗ್ ಕಂಪ್ಯೂಟರ್

2023ನೇ ಇಸವಿ. ಕಡಬ ಪೇಟೆಯಲ್ಲಿ ನನ್ನ ಮಗಳ ಮಗಳು ರಕ್ಷಿತಾ ನಡೆಸುವ ಕಂಪ್ಯೂಟರ್ ರಿಪೇರಿ ಅಂಗಡಿಯಲ್ಲಿ ನಾನು ಕೆಲಸಕ್ಕಿದ್ದೆ. ಈಗಲೂ ಇದ್ದೇನೆ. ಅದಕ್ಕೆ ಮೊದಲು ಪುತ್ತೂರಿನಲ್ಲಿ ಖಾಸಗಿ ಬಸ್ಸುಗಳ ಮೆಕ್ಯಾನಿಕ್ ಆಗಿ ಮೂವತ್ತೆಂಟು ವರ್ಷ ದುಡಿದವನು. ಶಾಲೆಗೆ ಹೋದದ್ದು ಐದನೇ ಕ್ಲಾಸಿನವರೆಗೆ ಮಾತ್ರ. ಬಸ್ಸಿನ ಅಡಿಯಲ್ಲಿ ಮಲಗಲು ಸೊಂಟ ಒಪ್ಪದೆ ಹೋದಾಗ ಮನೆಯಲ್ಲಿ ಕೂತೆ. ಒಂದು ದಿನ ಮೊಮ್ಮಗಳು ಬಂದು, "ಅಜ್ಜ, ಸ್ಕ್ರೂ ಬಿಚ್ಚುವ ಕೈ ಸುಮ್ಮನೆ ಇದ್ರೆ ತುಕ್ಕು ಹಿಡಿತದೆ. ನನ್ನೊಟ್ಟಿಗೆ ಬನ್ನಿ" ಎಂದಳು. ಆ ಮಾತಿನಿಂದ ಆದ ಸಂತೋಷ ನನಗೆ ಇವತ್ತಿಗೂ ಮುಗಿದಿಲ್ಲ.

ಅಂಗಡಿಯಲ್ಲಿ ನನ್ನ ಕೆಲಸ ದೊಡ್ಡದೇನಲ್ಲ. ಬ್ಲೋವರ್ ಹಿಡಿದು ಪೆಟ್ಟಿಗೆಯೊಳಗಿನ ದೂಳು ಹಾರಿಸುವುದು, ಫ್ಯಾನ್ ತಿರುಗಿಸಿ ನೋಡುವುದು, ಪ್ರೊಸೆಸರಿಗೆ ಹಚ್ಚಿದ ಹಳೇ ಪೇಸ್ಟ್ ಒರೆಸಿ ಹೊಸತು ಹಚ್ಚುವುದು. ಈ ಪೇಸ್ಟ್ ಅಂದರೆ ಬಿಸಿಯನ್ನು ಹೊರಗೆ ದಾಟಿಸುವ ಒಂದು ಬೂದು ಬಣ್ಣದ ಮುಲಾಮು. ಯಾವ ಭಾಗ ಇಡಬೇಕು, ಯಾವುದನ್ನು ತೆಗೆದು ಹೊಸತು ಹಾಕಬೇಕು ಎಂಬ ತೀರ್ಮಾನವೆಲ್ಲ ಅವಳದ್ದು.

ಆ ವರ್ಷದ ಮಳೆ ಬಿಟ್ಟ ಮೇಲೆ ಕೋಡಿಂಬಾಳದ ಜನಾರ್ದನ ಗೌಡರು ಆಟೋದಲ್ಲಿ ಬಂದಿಳಿದರು. ಮಡಿಲಲ್ಲಿ ಬೆಡ್‌ಶೀಟು ಸುತ್ತಿದ ಕಂಪ್ಯೂಟರ್ ಪೆಟ್ಟಿಗೆ. ಅದನ್ನು ಮೇಜಿನ ಮೇಲಿಟ್ಟು, "ಇದಕ್ಕೊಂದು ಒಳ್ಳೆ ಗ್ರಾಫಿಕ್ಸ್ ಕಾರ್ಡ್ ಹಾಕಿ ಕೊಡಿ. ಇದ್ದದ್ದರಲ್ಲಿ ದೊಡ್ಡದು" ಎಂದರು. ಗ್ರಾಫಿಕ್ಸ್ ಕಾರ್ಡ್ ಎಂದರೆ ಆಟದ ಚಿತ್ರವನ್ನು ಪರದೆಯ ಮೇಲೆ ಬಿಡಿಸುವ ಭಾಗ. ಗೇಮಿಂಗ್ ಕಂಪ್ಯೂಟರಿನಲ್ಲಿ ಎಲ್ಲಕ್ಕಿಂತ ದುಬಾರಿಯಾದದ್ದು ಅದೇ.

"ಯಾರು ಆಡುದು?" ಎಂದು ರಕ್ಷಿತಾ ಕೇಳಿದಳು.

"ಮಗ, ನಿತಿನ್."

"ಕಾರ್ಡ್ ಬೇಕೂಂತ ಅವ ಹೇಳಿದ್ದಾ?"

ಗೌಡರು ಪೆಟ್ಟಿಗೆಗೆ ಸುತ್ತಿದ್ದ ಬೆಡ್‌ಶೀಟು ಬಿಚ್ಚತೊಡಗಿದರು. "ಅವ ಹೇಳಿದ್ದು ಇದನ್ನು ಮಾರಿಬಿಡಿ ಅಂತ."

ಆಮೇಲೆ ವಿಷಯ ಹೇಳಿದರು. ನಿತಿನನಿಗೆ ಇಪ್ಪತ್ತನಾಲ್ಕು ವರ್ಷ. ಊರಿನ ಕಬಡ್ಡಿ ತಂಡದಲ್ಲಿ ಎದುರಾಳಿಗಳ ಅಂಕಣಕ್ಕೆ ನುಗ್ಗುವ ರೇಡರ್ ಆಗಿದ್ದವನು. ಬೈಕ್ ಅಪಘಾತದಲ್ಲಿ ಬೆನ್ನುಹುರಿಗೆ ಪೆಟ್ಟಾಗಿ ಸೊಂಟದ ಕೆಳಗೆ ಬಲವಿಲ್ಲ. ಬಿದ್ದ ಮೇಲೆ ಒಂದು ವರ್ಷ ಗೋಡೆಗೆ ಮುಖ ಮಾಡಿ ಮಲಗಿದ್ದನಂತೆ. ತಂಡದ ನಾಲ್ವರು ಗೆಳೆಯರು ಬಂದು, ಅವನ ಹಳೇ ಕಂಪ್ಯೂಟರಿನ ಮುಂದೆ ಅವನನ್ನು ಕೂರಿಸಿ, ತಮ್ಮ ತಮ್ಮ ಮನೆಯಿಂದಲೇ ಅವನ ಜೊತೆ ಆನ್‌ಲೈನ್ ಆಟ ಶುರುಮಾಡಿದರು. ಅಂದಿನಿಂದ ಹುಡುಗ ಊಟ ಮಾಡಿದ, ಮಾತಾಡಿದ, ನಕ್ಕ. ಈಗ ಎರಡು ತಿಂಗಳಿಂದ ಮತ್ತೆ ಮಾತು ಕಡಿಮೆಯಾಗಿದೆ.

"ಪುನಃ ಗೋಡೆಗೆ ತಿರುಗಿದ್ರೆ ನನ್ನಿಂದ ಆಗುದಿಲ್ಲ ಮಾರಾಯ್ರೆ" ಎಂದರು ಗೌಡರು. "ಇಷ್ಟು ದುಡ್ಡು ಹಾಕ್ಲಿಕ್ಕೆ ನನ್ನ ಕೈಯಲ್ಲಿ ಆಗುದು ಒಂದು ಸಲ. ಹಾಗೆ ದೊಡ್ಡದೇ ಹಾಕಿ."

ರಕ್ಷಿತಾ ಪೆಟ್ಟಿಗೆಯ ಮುಚ್ಚಳ ತೆಗೆಯಲೇ ಇಲ್ಲ. "ಇದನ್ನು ಮನೆಗೆ ತಕ್ಕೊಂಡು ಹೋಗಿ. ಅವ ಆಡುವ ಹೊತ್ತಿಗೆ ನಾವು ಬರ್ತೇವೆ."

"ಇಲ್ಲಿವರೆಗೆ ಮಡಿಲಲ್ಲಿ ಇಟ್ಟುಕೊಂಡು ಬಂದದ್ದಲ್ವಾ?"

"ಹಾಗಾದ್ರೆ ದಾರಿ ಅದಕ್ಕೂ ಅಭ್ಯಾಸ ಆಗಿರ್ತದೆ, ಗೌಡ್ರೆ."

ಸಂಜೆ ಆಟೋದಲ್ಲಿ ಹೋಗುವಾಗ ನಾನು ಅವಳಿಗೆ ಬುದ್ಧಿ ಹೇಳಿದೆ. "ಮಗಾ, ಗುಡ್ಡೆಯ ಚಡಾವು ಹತ್ತದ ಬಸ್ಸಿಗೆ ಇಂಜಿನ್ನೇ ಹಾಕ್ಬೇಕು. ಸೀಟು ಹೊಲಿಸಿ ಕಳಿಸಿದ್ರೆ ಆಗುದಿಲ್ಲ. ಅಪ್ಪ ಕೇಳ್ತಾ ಇದ್ದಾರೆ, ಹಾಕಿಬಿಡು."

ಅವಳು ರಸ್ತೆ ನೋಡುತ್ತಾ, "ಬಸ್ಸು ಹತ್ತುದಿಲ್ಲವಾ, ಹೊರಡುದಿಲ್ಲವಾ ಅಂತ ಮೊದಲು ನೋಡುವ, ಅಜ್ಜ" ಎಂದಳು.

ನಿತಿನ್ ಗಾಲಿಕುರ್ಚಿಯಲ್ಲಿ ಮೇಜಿನ ಮುಂದೆ ಕೂತಿದ್ದ. ಹೆಗಲು ಇನ್ನೂ ಕಬಡ್ಡಿಯವನದ್ದೇ. ನಮ್ಮನ್ನು ನೋಡಿ, "ಎಂತ ಅಕ್ಕ, ಒಂದು ಹಳೇ ಪೆಟ್ಟಿಗೆಯ ಪೋಸ್ಟ್‌ಮಾರ್ಟಂ ಮಾಡ್ಲಿಕ್ಕೆ ಇಬ್ಬರು ಡಾಕ್ಟ್ರಾ?" ಎಂದ.

"ನಾನೊಬ್ಬಳೇ ಡಾಕ್ಟ್ರು. ಅಜ್ಜ ಕಂಪೌಂಡರ್."

ತೊಂದರೆ ಎಂತ ಎಂದು ಕೇಳಿದ್ದಕ್ಕೆ, ಚಿತ್ರ ಸರಿ ಬರುವುದಿಲ್ಲ, ಅಷ್ಟೇ ಎಂದ. ಅವನು ಆಡುವುದು ಐದು ಜನರ ತಂಡ ಇನ್ನೊಂದು ಐದು ಜನರ ತಂಡದ ಮೇಲೆ ಹೋಗುವ ಆಟ. ಪಂದ್ಯ ನಿಗದಿಯಾದ ಕೂಡಲೇ ಪ್ರತಿಯೊಬ್ಬರ ಕಂಪ್ಯೂಟರೂ ಆ ಬಯಲು, ಮನೆ, ಗುಡ್ಡೆ ಎಲ್ಲವನ್ನೂ ತನ್ನೊಳಗಿನಿಂದ ತೆಗೆದು ಹರಡಿಕೊಳ್ಳಬೇಕು. ಅದಕ್ಕೆ ಲೋಡಿಂಗ್ ಎನ್ನುತ್ತಾರೆ. ರಕ್ಷಿತಾ ಅವನ ಹಿಂದೆ ಸ್ಟೂಲು ಹಾಕಿ ಕೂತಳು. ನಿತಿನ್ ಹೆಡ್‌ಫೋನ್ ಹಾಕಿಕೊಂಡು ಆಟ ಒತ್ತಿದ. ಪರದೆಯ ಅಡಿಯಲ್ಲಿ ಒಂದು ಗೆರೆ ಇರುವೆಯ ಹಾಗೆ ಮುಂದೆ ಹೋಗತೊಡಗಿತು.

"ಹೆಡ್‌ಫೋನ್ ತೆಗೆದು ಸ್ಪೀಕರಿಗೆ ಹಾಕು. ಸ್ವರ ಕಡಿತದಾ ಅಂತ ನೋಡ್ಬೇಕು" ಎಂದಳು.

"ಬೇಡ ಅಕ್ಕ. ಅವರು ಬಾಯಿಗೆ ಬಂದದ್ದು ಮಾತಾಡ್ತಾರೆ. ಅಜ್ಜ ಇದ್ದಾರೆ."

"ಅಜ್ಜ ಬಸ್ ಗ್ಯಾರೇಜಿನಲ್ಲಿ ಇದ್ದವರು. ಅವರು ಕೇಳದ್ದು ಎಂತ ಉಂಟು?"

ಅವನಿಗೆ ಮನಸ್ಸಿರಲಿಲ್ಲ. ಆದರೂ ಹಾಕಿದ. ಗೆರೆ ಇನ್ನೂ ಅರ್ಧಕ್ಕೂ ಬಂದಿರಲಿಲ್ಲ. ಆದರೆ ಗೆಳೆಯರ ಸ್ವರ ಬಂತು.

"ನಿತಿನ್ ಬಂದನಾ?"

"ಇಲ್ಲ. ಅವ ಮುಟ್ಟುವಾಗ ಎಲ್ಲ ಮುಗಿದಿರ್ತದೆ. ನಾಲ್ಕೇ ಜನ ಅಂತ ಹೊರಡುವ."

"ಬೇರೆ ಒಬ್ಬನನ್ನು ತಕ್ಕೊಳ್ಳುವ ಅಂತ ಅವನ ಹತ್ರ ಹೇಳ್ಬೇಕಲ್ಲ ಮಾರಾಯ."

"ನೀನು ಹೇಳು."

"ನಾನು ಹೇಳುದಿಲ್ಲ. ನಂಗೆ ಆಗುದಿಲ್ಲ."

ಆಮೇಲೆ ಗುಂಡಿನ ಶಬ್ದ, ಓಡುವ ಶಬ್ದ. ಪರದೆಯಲ್ಲಿ ಇನ್ನೂ ಗೆರೆಯೇ. ಚಿತ್ರ ಬರುವ ಮೊದಲೇ ಇವನಿಗೆ ಸ್ವರ ಬರುತ್ತದೆ ಎಂದು ಆ ಹುಡುಗರಿಗೆ ಗೊತ್ತಿರಲಿಲ್ಲ. ಅವನೂ ಹೇಳಿರಲಿಲ್ಲ. ಎರಡು ತಿಂಗಳಿಂದ ದಿನಾ ಸಂಜೆ ಇದನ್ನೇ ಹೆಡ್‌ಫೋನಿನೊಳಗೆ ಒಬ್ಬನೇ ಕೇಳುತ್ತಿದ್ದ. ಬಾಗಿಲ ಹತ್ತಿರ ಗೌಡರು ಕಾಫಿಯ ತಟ್ಟೆ ಹಿಡಿದು ನಿಂತಿದ್ದರು. ಕಾಫಿಯ ಮೇಲೆ ಕೆನೆ ಕಟ್ಟಿತು.

ಕೊನೆಗೆ ರಕ್ಷಿತಾ ಮುಂದೆ ಬಾಗಿ ಎರಡು ಕೀ ಒತ್ತಿ ಒಂದು ಪಟ್ಟಿ ತೆರೆದಳು. ಯಾವ ಭಾಗ ಎಷ್ಟು ದುಡಿಯುತ್ತಿದೆ ಎಂದು ಅದು ತೋರಿಸುತ್ತದೆ. ಗ್ರಾಫಿಕ್ಸ್ ಕಾರ್ಡ್ ಸುಮ್ಮನೆ ಕೂತಿತ್ತು. ಹಾರ್ಡ್ ಡಿಸ್ಕ್ ನೂರಕ್ಕೆ ನೂರು. ಹಾರ್ಡ್ ಡಿಸ್ಕ್ ಎಂದರೆ ಒಳಗೆ ತಿರುಗುವ ತಟ್ಟೆ. ಒಂದು ಮುಳ್ಳು ಅದರ ಮೇಲೆ ಓಡಾಡಿ ಬೇಕಾದದ್ದನ್ನು ಹುಡುಕಿ ಕೊಡಬೇಕು. ಎರಡು ತಿಂಗಳ ಹಿಂದೆ ಹೊಸ ಅಪ್‌ಡೇಟ್ ಬಂದು ಆಟ ದೊಡ್ಡದಾದ ಮೇಲೆ, ಅದು ಕೇಳುವಷ್ಟು ಬೇಗ ಕೊಡಲು ಆ ಮುದಿ ತಟ್ಟೆಗೆ ಆಗುತ್ತಿರಲಿಲ್ಲ. ತೆಗೆದದ್ದನ್ನು ಹರಡಲು ಇರುವ ಜಾಗಕ್ಕೆ RAM ಎಂದು ಹೆಸರು. ಅದೂ ಎಂಟು ಜಿಬಿ ಮಾತ್ರ ಇತ್ತು, ಸಾಲುತ್ತಿರಲಿಲ್ಲ.

"ಕಾರ್ಡ್ ಬೇಡ ಗೌಡ್ರೆ. ತಿರುಗುವ ಡಿಸ್ಕಿನ ಬದಲು SSD ಹಾಕುವ. ಅದರಲ್ಲಿ ತಿರುಗುವಂಥದ್ದು ಎಂತದೂ ಇಲ್ಲ, ಕೇಳಿದ ಕೂಡಲೇ ಕೊಡ್ತದೆ. ಇನ್ನೊಂದು RAM ಸೇರಿಸುವ. ಅಷ್ಟೇ ಸಾಕು."

ಗೌಡರ ಮುಖ ಗಂಟಾಯಿತು. "ಸಣ್ಣದು ಹಾಕಿ ಸಮಾಧಾನ ಮಾಡುದು ಬೇಡ ತಂಗಿ. ನನ್ನ ಮಗನಿಗೆ ಒಳ್ಳೆದು ಹಾಕ್ಲಿಕ್ಕೆ ನಾನು ತಯಾರಿದ್ದೇನೆ."

"ದೊಡ್ಡ ಕಾರ್ಡ್ ಹಾಕಿದ್ರೆ ಕರೆಂಟ್ ಕೊಡುವ SMPS ಸಹ ದೊಡ್ಡದು ಬೇಕಾಗ್ತದೆ. ಎಲ್ಲ ಹಾಕಿದ ಮೇಲೆ ಹುಲ್ಲಿನ ಎಸಳು ಎಸಳು ಕಾಣ್ತದೆ. ಆದ್ರೆ ತಡವಾಗಿ ಕಾಣ್ತದೆ." ಅವಳು ನಿತಿನನ ಕಡೆ ತಿರುಗಿದಳು. "ನಾನು ಹೇಳಿ ಮುಗಿಯಿತು. ಆಡುದು ನೀನು. ನೀನು ಹೇಳು."

ನಿತಿನ್ ಅಪ್ಪನ ಮುಖ ನೋಡಲಿಲ್ಲ. ಮೌಸಿನ ಮೇಲಿದ್ದ ತನ್ನ ಕೈಯನ್ನೇ ನೋಡುತ್ತಾ ಮೆಲ್ಲಗೆ ಹೇಳಿದ. "ಅಪ್ಪ, ನಂಗೆ ಹುಲ್ಲು ಬೇಡ. ವಿಸಿಲ್ ಹಾಕುವಾಗ ನಾನು ಕೋರ್ಟಿನಲ್ಲಿ ಇರ್ಬೇಕು."

ಗೌಡರು ಕಾಫಿಯ ತಟ್ಟೆಯನ್ನು ಕೆಳಗಿಟ್ಟರು. "ಅವರಿಬ್ಬರು ಹೇಳಿದ್ದನ್ನೇ ಹಾಕಿ" ಎಂದು ನನ್ನ ಹತ್ತಿರ ಹೇಳಿ ಅಂಗಳಕ್ಕೆ ಇಳಿದರು.

ಮರುದಿನ ಪೆಟ್ಟಿಗೆ ಮತ್ತೆ ಅವರ ಮಡಿಲಲ್ಲೇ ಕಡಬಕ್ಕೆ ಬಂತು. ರಕ್ಷಿತಾ ಹಳೇ ಡಿಸ್ಕಿನಲ್ಲಿದ್ದುದನ್ನೆಲ್ಲ ಹೊಸದಕ್ಕೆ ದಾಟಿಸಿದಳು. ನಾನು ಹಳೇ ಕಾರ್ಡನ್ನು ಬಿಚ್ಚಿ, ದೂಳು ತೆಗೆದು, ಪೇಸ್ಟ್ ಹಚ್ಚಿ, ಇದ್ದಲ್ಲಿಯೇ ಕೂರಿಸಿದೆ. ಚಿತ್ರದ ಗುಣಮಟ್ಟವನ್ನು ಅವಳು ಕೆಳಗಿನ ಮಟ್ಟಕ್ಕೆ ಇಳಿಸಿದಳು, ಕಾರ್ಡಿಗೆ ಭಾರವಾಗದ ಹಾಗೆ. ಹುಲ್ಲು ಬರೀ ಹಸಿರು ಬಣ್ಣ ಬಳಿದ ಹಾಗೆ ಕಂಡಿತು.

ಸಂಜೆ ಕೋಡಿಂಬಾಳದಲ್ಲಿ ಜೋಡಿಸಿದೆವು. ನನಗೆ ಮಾತ್ರ, ಮೊಮ್ಮಗಳ ಮಾತು ತಪ್ಪಿದರೆ ಆ ಹುಡುಗನ ಗತಿ ಎಂತ ಎಂಬ ಹೆದರಿಕೆ. ನಿತಿನ್ ಆಟ ಒತ್ತಿದ. ಗೆರೆ ಕಂಡದ್ದೂ ತುಂಬಿದ್ದೂ ಒಟ್ಟಿಗೇ ಆಯಿತು. ಬಯಲು ಬಂತು, ಅದರಲ್ಲಿ ಅವನೊಬ್ಬನೇ ನಿಂತಿದ್ದ. ಉಳಿದ ನಾಲ್ಕು ಹೆಸರು ಇನ್ನೂ ಬೆಳಗಿರಲಿಲ್ಲ. ಮೊದಲನೆಯದು ಬೆಳಗಿತು.

"ಇದು ಯಾರು? ನಿತಿನಾ?"

"ಮತ್ತೆ ಯಾರು, ನಿನ್ನ ಮಾವನಾ? ಎಲ್ಲಿ ಸತ್ತಿದ್ದೀರಿ ನೀವೆಲ್ಲ? ಕಾದು ಕಾದು ನಂಗೆ ಗಡ್ಡ ಬಂತು."

ಉಳಿದ ಹೆಸರುಗಳೂ ಒಂದೊಂದಾಗಿ ಬೆಳಗಿದವು. ಆಮೇಲೆ ಅವರಲ್ಲೊಬ್ಬ, "ಐದು ಜನ ಆಯ್ತು. ನಿತಿನ್, ನೀನು ಮುಂದೆ ಹೋಗು" ಎಂದ.

ನಿತಿನ್ ಹೆಡ್‌ಫೋನ್ ಎತ್ತಿ ಕಿವಿಗೆ ಹಾಕಿಕೊಂಡ. ಇನ್ನು ಆ ಮಾತು ನಮ್ಮದಲ್ಲ. ಗೌಡರು ನಮಗಾಗಿ ಆಟೋ ಕರೆಯಲು ಹೋದವರು ಫೋನ್ ಕೈಯಲ್ಲಿ ಹಿಡಿದು ಬಾಗಿಲಲ್ಲೇ ನಿಂತು ಮಗನನ್ನು ನೋಡುತ್ತಿದ್ದರು.

ವಾಪಸ್ ಬರುವಾಗ ನಾನು ಮೊಮ್ಮಗಳ ತಲೆಯ ಮೇಲೆ ಕೈಯಿಟ್ಟೆ. "ಅಜ್ಜ, ಪೇಸ್ಟಿನ ಕೈ" ಎಂದು ತಲೆ ಸರಿಸಿದಳು. ಸರಿಸಲಿ. ಆ ದಿನ ನನಗಿದ್ದ ಹೆಮ್ಮೆಗೆ ಆಟೋದಲ್ಲಿ ಜಾಗ ಸಾಲುತ್ತಿರಲಿಲ್ಲ.

ಈ ಕೆಲಸ ನನಗೆ ಕಲಿಸಿದ್ದು ಇಷ್ಟು. ಎಲ್ಲವನ್ನೂ ಹೊಸತು ಮಾಡುವ ತ್ರಾಣ ಯಾರಿಗೂ ಇರುವುದಿಲ್ಲ. ಒಂದನ್ನು ಬದಲಿಸಿ ಹತ್ತನ್ನು ಬಿಡಬೇಕು. ಆ ಒಂದು ಯಾವುದು ಎಂಬುದು ಪೆಟ್ಟಿಗೆ ಬಿಚ್ಚಿದರೆ ಕಾಣುವುದಿಲ್ಲ, ಪ್ರೀತಿಯಿಂದ ದೊಡ್ಡದು ತಂದುಕೊಟ್ಟರೂ ಸಿಗುವುದಿಲ್ಲ. ಅದರ ಮುಂದೆ ಕೂರುವವನು ದಿನಾ ಏನನ್ನು ಕಳಕೊಳ್ಳುತ್ತಿದ್ದಾನೆ ಎಂದು, ಅವನ ಹಿಂದೆ ಕೂತು, ಅವನಷ್ಟೇ ಹೊತ್ತು ಕಾದು ನೋಡಬೇಕು.