ಟೇಲರಮ್ಮ ನೋಡಿದ ಸ್ವೀಡನ್ ಸಿನಿಮಾ

ಟೇಲರಮ್ಮನನ್ನು ಸಿನಿಮಾಕ್ಕೆ ಕರೆದುಕೊಂಡು ಹೋಗುವುದೆಂದರೆ ಹುಡುಗಾಟವಲ್ಲ. ಕೂತಲ್ಲಿ ಕೂರುವ ಜೀವವೇ ಅಲ್ಲ ಅದು. ಬಸ್ಸಿನಲ್ಲಿ ಕೂತರೂ ಮುಂದಿನ ಸೀಟಿನವರ ಅಂಗಿಯ ಹೊಲಿಗೆ ಬಿಟ್ಟಿರುವುದು ಕಣ್ಣಿಗೆ ಬೀಳುತ್ತದೆ, ಕೈ ತುರಿಸುತ್ತದೆ. ಆದರೂ ಆ ಭಾನುವಾರ ಮಗಳು ಫೋನು ಮಾಡಿ, ಸ್ವೀಡನ್ ದೇಶದ ಸಿನಿಮಾ ಬಂದಿದೆ, ತಾನು ಓದಿದ ಕಾದಂಬರಿಯನ್ನೇ ತೆಗೆದಿದ್ದಾರೆ, ಬಾ ಎಂದ ಕೂಡಲೇ ಬಟ್ಟೆ ಬದಲಿಸಿ ಹೊರಟಳು. ಸ್ವೀಡನ್ ಎಲ್ಲಿದೆಯೋ ಅವಳಿಗೆ ಗೊತ್ತಿಲ್ಲ, ಗೊತ್ತಾಗಬೇಕಾಗಿಯೂ ಇರಲಿಲ್ಲ. ಅವಳಿಗೆ ಬೇಕಾಗಿದ್ದದ್ದು ಮೊಮ್ಮಗಳು.

ಮೊಮ್ಮಗಳಿಗೆ ಮೂರು ವರ್ಷ. ಮಗಳು ಆಸ್ಪತ್ರೆಯಲ್ಲಿ ರಕ್ತ ಪರೀಕ್ಷೆ ಮಾಡುವವಳು. ಬೆಳಿಗ್ಗೆ ಮಗುವನ್ನು ಶಿಶುವಿಹಾರಕ್ಕೆ ಬಿಟ್ಟು ಹೋದರೆ ಕರೆದುಕೊಂಡು ಬರುವುದು ಸಂಜೆಗೇ. ಅಲ್ಲಿ ಒಂದು ಮಗು ಸೀನಿದರೆ ಸಾಕು, ವಾರವಿಡೀ ಇದಕ್ಕೂ ಮೂಗು ಸುರಿಯುತ್ತದೆ. ಅಜ್ಜಿ ತಾತ ಗುಂಡುಕಲ್ಲಿನ ಹಾಗೆ ಇರುವಾಗ ಮಗುವನ್ನು ಕಂಡವರ ಕೈಗೆ ಯಾಕೆ ಕೊಡಬೇಕು ಎಂದು ಟೇಲರಮ್ಮ ಕೇಳುತ್ತಲೇ ಬಂದಿದ್ದಳು. ಮಗಳು ಒಮ್ಮೆ ನಿಮ್ಮ ಮನೆಯ ಮೆಟ್ಟಿಲು ಕಡಿದಾಗಿದೆ ಎಂದಳು, ಮೆಟ್ಟಿಲ ತಲೆಗೆ ಸಣ್ಣ ಗೇಟು ಹಾಕಿಸಿದ್ದಾಯಿತು. ಇನ್ನೊಮ್ಮೆ ಸೂಜಿ, ಕತ್ತರಿ ಎಂದಳು, ಅವಕ್ಕೆ ಬೀಗದ ಪೆಟ್ಟಿಗೆ ಬಂತು. ಗಂಡ, ಕಾರ್ಖಾನೆಯಲ್ಲಿ ಫಿಟ್ಟರ್ ಆಗಿದ್ದು ನಿವೃತ್ತನಾದವನು, ಮೊಮ್ಮಗಳಿಗೆಂದು ಕೈಯಾರೆ ಒಂದು ಪುಟ್ಟ ಕುರ್ಚಿ ಮಾಡಿಟ್ಟಿದ್ದ. ಹಿಂದೆ ಅವನ ಕೋಪ ಮೂಗಿನ ತುದಿಯಲ್ಲೇ ಇರುತ್ತಿತ್ತು. ವಯಸ್ಸು ಅದರ ಮುಕ್ಕಾಲು ಪಾಲನ್ನು ತಿಂದುಹಾಕಿದೆ ಎಂದು ಟೇಲರಮ್ಮನ ನಂಬಿಕೆ. ಸಿನಿಮಾ ಮುಗಿಯುವಷ್ಟರಲ್ಲಿ ಮಗಳಿಂದ ಹೂಂ ಅನ್ನಿಸಿಯೇ ಬರುತ್ತೇನೆ ಎಂದು ಅವನಿಗೆ ಮಾತು ಕೊಟ್ಟು ಬಂದಿದ್ದಳು.

ಥಿಯೇಟರಿಗೆ ಮಗನೂ ಬಂದು ಸೇರಿಕೊಂಡ. ಅವಳ ಒಂದು ಪಕ್ಕಕ್ಕೆ ಮಗಳು, ಇನ್ನೊಂದು ಪಕ್ಕಕ್ಕೆ ಮಗ. ಪರದೆಯ ಮೇಲೆ ಯಾವುದೋ ಬಿಸಿಲಿನ ದೇಶದಿಂದ ಹೊಟ್ಟೆಪಾಡಿಗೆಂದು ಸ್ವೀಡನ್ನಿಗೆ ಬಂದ ಸಂಸಾರ. ಅಪ್ಪನಿಗೆ ಕೆಲಸ ಹೋಗುತ್ತದೆ, ಅಮ್ಮ ಕಚೇರಿಗಳ ನೆಲ ಒರೆಸುತ್ತಾಳೆ, ಅಕ್ಕ ತಮ್ಮ ಹಿಮದಲ್ಲಿ ಕಾಲೆಳೆಯುತ್ತಾ ಶಾಲೆಗೆ ಹೋಗುತ್ತಾರೆ. ಮಾತು ಅರ್ಥವಾಗದು, ಕೆಳಗೆ ಓಡುವ ಅಕ್ಷರ ಕೂಡಿಸಿ ಓದುವಷ್ಟರಲ್ಲಿ ಮುಂದಿನದು ಬಂದಿರುತ್ತದೆ. ಟೇಲರಮ್ಮ ಆ ತಾಯಿಯ ಕೋಟನ್ನೇ ನೋಡುತ್ತಾ ಕೂತಳು. ಭುಜದಲ್ಲಿ ಜೋತುಬಿದ್ದಿತ್ತು, ಯಾರೋ ತೊಟ್ಟು ಬಿಟ್ಟದ್ದಿರಬೇಕು.

ಅಷ್ಟರಲ್ಲಿ ಆ ಅಪ್ಪ ಊಟದ ಮೇಜಿನ ಮೇಲೆ ಗುದ್ದಿದ. ತಾಯಿ ಓಡಿಹೋಗಿ ರೇಡಿಯೋದ ದನಿ ಏರಿಸಿದಳು. ಒಳಗೆ ಗಂಡ ಏನು ಮಾಡಿದರೂ ಗೋಡೆಯಾಚೆ ಹಾಡೇ ಕೇಳಬೇಕು. ಭಾಷೆ ಬರದಿದ್ದರೂ ಟೇಲರಮ್ಮನಿಗೆ ಇದು ತಟ್ಟನೆ ತಿಳಿಯಿತು. ಕುಂಬಳಕಾಯಿ ಕಳ್ಳ ಎಂದರೆ ಹೆಗಲು ಮುಟ್ಟಿ ನೋಡಿಕೊಂಡನಂತೆ. ಅವಳು ಕತ್ತಲಲ್ಲೇ ಅತ್ತಿತ್ತ ನೋಡಿದಳು.

ಅವಳೂ ಊರು ಬಿಟ್ಟು ಬಂದವಳೇ. ಬಂದಾಗ ಹಿಂದಿಲ್ಲ ಮುಂದಿಲ್ಲ, ಗೋಡೆಗೆ ಗೋಡೆ ಅಂಟಿದ ಮನೆ, ಪಕ್ಕದವರ ಭಾಷೆ ಬೇರೆ. ಭಾಷೆ ಬೇರೆಯಾದರೂ ಬೈಗುಳ ಎಲ್ಲರಿಗೂ ಅರ್ಥವಾಗುತ್ತದೆ. ಗಂಡನ ದನಿ ಏರತೊಡಗಿದರೆ ಅವಳು ಮಕ್ಕಳನ್ನು ಒಳಕೋಣೆಗೆ ಕಳಿಸಿ, ಹೊಲಿಗೆ ಮಿಷನ್ನಿಗೆ ಕೂತು, ಯಾವುದಾದರೂ ಚಿಂದಿ ಬಟ್ಟೆ ಇಟ್ಟು ಗಡಗಡ ತುಳಿಯುತ್ತಿದ್ದಳು. ಬೆನ್ನ ಮೇಲೆ ಏಟು ಬಿದ್ದರೂ ಕಾಲು ನಿಲ್ಲುತ್ತಿರಲಿಲ್ಲ. ಮಕ್ಕಳಿಗೆ ಏನೂ ಗೊತ್ತಾಗದ ಹಾಗೆ ಬೆಳೆಸಿದೆ ಎಂಬುದೊಂದೇ ಅವಳ ಜೀವಮಾನದ ಹೆಮ್ಮೆ.

ಮಗಳು ಅವಳ ಮುಂದಿನಿಂದ ಬಾಗಿ ತಮ್ಮನಿಗೆ ಮೆಲ್ಲಗೆ ಹೇಳಿದಳು: "ಅಮ್ಮನ ಮಿಷನ್ನು."

ಮಗ ಹೂಂ ಎಂದ. ಮೀಸೆ ಹೊತ್ತ ಗಂಡಸು, ಎರಡೂ ಕಾಲನ್ನು ಸೀಟಿನ ಮೇಲೆಳೆದುಕೊಂಡು ಮುದುರಿ ಕೂತ.

ಆಮೇಲಿನ ಸಿನಿಮಾ ಅವಳಿಗೆ ಕಾಣಲಿಲ್ಲ. ಸೀಟು ಚುಚ್ಚಿತು, ಸೆರಗನ್ನು ಬೆರಳಿಗೆ ಸುತ್ತಿ ಸುತ್ತಿ ಬಿಚ್ಚಿದಳು.

ಹೊರಗೆ ಕಾಫಿ ಅಂಗಡಿಯಲ್ಲಿ ಕೂತ ಮೇಲೆ ಮಗ, ಅಪ್ಪನ ಪಾತ್ರದವನು ಚೆನ್ನಾಗಿ ಮಾಡಿದ್ದಾನೆ ಎಂದ. ಮಗಳು ಪುಸ್ತಕವೇ ಇದಕ್ಕಿಂತ ವಾಸಿ ಎಂದಳು. ಟೇಲರಮ್ಮ ಮಾತ್ರ ಆ ತಾಯಿಯ ಮೇಲೆ ಹರಿಹಾಯ್ದಳು. ಬುದ್ಧಿಗೇಡಿ, ರೇಡಿಯೋ ತಿರುಗಿಸುತ್ತಾ ಕೂರುವ ಬದಲು ಮಕ್ಕಳನ್ನು ಕಟ್ಟಿಕೊಂಡು ಹೊರಡಬಾರದಿತ್ತೇ ಎಂದುಬಿಟ್ಟಳು. ಆಡಿದ ಮಾತು ತನಗೇ ತಿರುಗಿ ಬಡಿದಾಗ ಅವಸರದಲ್ಲಿ ಸೇರಿಸಿದಳು, "ಗಂಡ ಹೆಂಡಿರ ಜಗಳ ಉಂಡು ಮಲಗೋ ತನಕ. ಅದನ್ನೇನು ಸಿನಿಮಾ ಮಾಡೋದು."

"ಗಂಡ ಹೆಂಡಿರ ಜಗಳದಲ್ಲಿ ಕೂಸು ಬಡವಾಯ್ತು ಅಂತಾನೂ ಒಂದು ಗಾದೆ ಇದೆಯಲ್ಲಮ್ಮ," ಎಂದಳು ಮಗಳು. ಅವಳ ದನಿಯಲ್ಲಿ ಸಿಟ್ಟಿರಲಿಲ್ಲ, ಸುಸ್ತಿತ್ತು. "ಮಿಷನ್ ಸದ್ದು ಶುರುವಾದ್ರೆ ನಾವಿಬ್ರೂ ಮಂಚದ ಕೆಳಗೆ ಹೋಗ್ತಿದ್ವಿ. ಅದು ನಿಂತ ಮೇಲೇ ಹೊರಗೆ ಬರ್ತಿದ್ದಿದ್ದು. ನನ್ನ ಮಗಳಿಗೆ ಅದು ಬೇಡ."

"ಅವರೀಗ ಮೊದಲಿನ ಹಾಗಿಲ್ಲ ಕಣೇ."

"ಇಲ್ದೇ ಇರಬಹುದು. ಹೌದೋ ಅಲ್ವೋ ಅಂತ ನನ್ನ ಮಗೂನ ಬಿಟ್ಟು ನೋಡ್ಲಾ?"

ಮಗ ಕಾಫಿಗೆ ಇನ್ನೊಂದು ಚಮಚ ಸಕ್ಕರೆ ಹಾಕಿಕೊಂಡು ಕಲಕುತ್ತಲೇ ಇದ್ದ.

ಆ ವಾರವೆಲ್ಲ ಅವಳು ನಿಂತಲ್ಲಿ ನಿಲ್ಲಲಿಲ್ಲ. ಯಾರದೋ ಪ್ಯಾಂಟಿನ ಒಂದು ಕಾಲು ಉದ್ದ, ಒಂದು ಗಿಡ್ಡ ಮಾಡಿದಳು. ಬಿಚ್ಚಿದಳು, ಮತ್ತೆ ಹೊಲಿದಳು. ಬೆಕ್ಕು ಕಣ್ಣು ಮುಚ್ಚಿ ಹಾಲು ಕುಡಿದ ಹಾಗಾಯಿತಲ್ಲ ತನ್ನ ಬಾಳು ಎಂದುಕೊಂಡಳು. ಮಗ ಚಿಕ್ಕವನಿದ್ದಾಗ ಸಂಜೆಯಾದರೆ ಅಡುಗೆಮನೆಯ ಬಾಗಿಲಿಗೆ ಬಂದು, ಅಮ್ಮ ಇವತ್ತು ಹೊಲಿತೀಯಾ ಎಂದು ಕೇಳುತ್ತಿದ್ದ. ಹುಡುಗನಿಗೆ ಕಸುಬಿನ ಮೇಲೆ ಎಷ್ಟು ಆಸೆ ನೋಡಿ ಎಂದು ಅವಳು ಬಂದವರಿಗೆಲ್ಲ ಹೇಳಿಕೊಂಡು ಬೀಗಿದ್ದಳು. ಈಗ ಅದನ್ನು ನೆನೆದು ನಾಚಿಕೆಯಾಯಿತು, ಅಳು ಬಂತು. ಮೊಮ್ಮಗಳು ಬೇಕೆಂಬ ಆಸೆ ಮಾತ್ರ ಗುಲಗಂಜಿಯಷ್ಟೂ ಕಡಿಮೆಯಾಗಲಿಲ್ಲ. ಗಂಡ ಬೇರೆ ಬೆಳಗಾದರೆ ಕೇಳುತ್ತಿದ್ದ, ಮಗಳು ಹೂಂ ಅಂದಳೋ ಇಲ್ಲವೋ ಎಂದು. ಅವಳು ಏನೋ ಒಂದು ಹೇಳಿ ಸಾಗಹಾಕುತ್ತಿದ್ದಳು.

ಶನಿವಾರ ಬೆಳಿಗ್ಗೆ ಅವನು ಮತ್ತೆ ಕೇಳಿದ. ಟೇಲರಮ್ಮ ಅವನ ಎದುರಿಗೇ ಮಗಳಿಗೆ ಫೋನು ಮಾಡಿದಳು.

"ಮಗೂನ ಇಲ್ಲಿಗೆ ಕರ್ಕೊಂಡು ಬರಬೇಡ," ಎಂದಳು. "ಸೋಮವಾರದಿಂದ ನಾನೇ ನಿಮ್ಮನೆಗೆ ಬರ್ತೀನಿ. ನೀನು ಕೆಲಸ ಮುಗಿಸಿ ಬರೋ ತನಕ ನೋಡ್ಕೋತೀನಿ. ನಾನೊಬ್ಬಳೇ."

ಮಗಳು, "ಅಪ್ಪಂಗೆ ಹೇಳಿದ್ಯಾ?" ಎಂದಳು.

"ಈಗ ಹೇಳ್ದೆನಲ್ಲ."

ಗಂಡ ಎದ್ದು ನಿಂತಿದ್ದ. ಒಬ್ಬಳೇ ಅಂದರೆ ಏನರ್ಥ, ತಾನೇನು ಹುಲಿಯೋ ಕರಡಿಯೋ ಎಂದು ಶುರುಮಾಡಿದವನ ದನಿ ಏರುತ್ತಾ ಏರುತ್ತಾ ಹಳೆಯ ಎತ್ತರಕ್ಕೇ ಹೋಯಿತು. ಕೈಗೆ ಸಿಕ್ಕ ಲೋಟ ಗೋಡೆಗೆ ಬಡಿಯಿತು. ಬಾಗಿಲು ಹಾರುಹೊಡೆದಿತ್ತು, ಮೆಟ್ಟಿಲು ಹತ್ತುತ್ತಿದ್ದ ಪಕ್ಕದ ಮನೆಯವರು ಅಲ್ಲೇ ನಿಂತರು. ಟೇಲರಮ್ಮ ಫೋನಿನ ಮೇಲೆ ಅಂಗೈ ಮುಚ್ಚಲು ಹೋದವಳು ಮುಚ್ಚಲಿಲ್ಲ.

"ಕೇಳಿಸ್ತಾ ಇದೆಯಾ?" ಎಂದು ಮಗಳನ್ನು ಕೇಳಿದಳು.

"ಕೇಳಿಸ್ತಾ ಇದೆ," ಎಂದಳು ಮಗಳು. "ಸೋಮವಾರದ ತನಕ ಯಾಕಮ್ಮ, ಈಗಲೇ ಹೊರಟು ಬಾ."